ಡಾಕ್ಟರ್ ಹೇಳಿದ ಗಾಳಿ, ಅತ್ತೆ ಕೇಳಿಸಿಕೊಂಡ ಗಾಳಿ

ಪಿ.ಟಿ. ಟೀಚರ್‌ಗೆ ಸೀಟಿ ಊದಲು ಬರಲಿಲ್ಲ ಎಂದರೆ ಅದಕ್ಕಿಂತ ನಗೆಪಾಟಲಿನ ಸಂಗತಿ ಇನ್ನೊಂದಿಲ್ಲ. ನನಗೆ ಅದು ಆಗಿದ್ದು ಫೆಬ್ರವರಿಯ ಒಂದು ಬೆಳಿಗ್ಗೆ, ಗೋಪನಕೊಪ್ಪದ ಹತ್ತಿರದ ನಮ್ಮ ಹೈಸ್ಕೂಲಿನ ಮೈದಾನದಲ್ಲಿ, ಕಬಡ್ಡಿ ಆಡುವ ಹುಡುಗಿಯರ ಕಣ್ಣೆದುರಿಗೇ. ಸೀಟಿ ಬಾಯಿಗಿಟ್ಟು ಊದಿದೆ. ಪುಸ್ ಎಂದಿತು ಅಷ್ಟೇ. ನಾನೇನೋ ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಹುಡುಗಿಯರು ನಕ್ಕರು. ನಾನೂ ನಗಲು ಹೋದೆ. ನಗುವಿನ ಬದಲು ಎದೆಯೊಳಗಿಂದ ಸುಂಯ್ ಸುಂಯ್ ಎಂದು ಸದ್ದು ಬಂತು. ಕಾಂಪೌಂಡು ಗೋಡೆ ಹಿಡಿದು ಕೂತುಬಿಟ್ಟೆ.

"ಟೀಚರ್, ಏನಾತ್ರಿ?" ಎಂದು ತಂಡದ ನಾಯಕಿ ರೇಣುಕಾ ಓಡಿ ಬಂದಳು.

"ನೀರು ಕೊಡು" ಎನ್ನಬೇಕಿತ್ತು. "ನೀ" ಎನ್ನುವಷ್ಟರಲ್ಲಿ ನನ್ನ ಉಸಿರು ಮುಗಿದಿತ್ತು.

ನನ್ನ ಹೆಸರು ಗಿರಿಜಾ. ಕಾಲೇಜಿನಲ್ಲಿದ್ದಾಗ ಧಾರವಾಡದ ಮೈದಾನಗಳಲ್ಲಿ ಕಬಡ್ಡಿ ಆಡಿ ಹೆಸರು ಮಾಡಿದವಳು. ಹೆರಿಗೆ ಬಿಟ್ಟರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಲ್ಲ. ಯಾರಾದರೂ ಹುಡುಗಿ "ಟೀಚರ್, ಇವತ್ತ ಮೈ ಆರಾಮಿಲ್ರಿ" ಎಂದರೆ "ಓಡು, ಆರಾಮಾಗತೈತಿ" ಎನ್ನುತ್ತಿದ್ದವಳು ನಾನೇ. ಅಂಥ ನಾನು ಆವತ್ತು ಗೋಡೆಗೊರಗಿ ಮೀನಿನಂತೆ ಬಾಯಿ ತೆರೆಯುತ್ತ ಮುಚ್ಚುತ್ತ ಕೂತಿದ್ದೆ. ಹುಡುಗಿಯರು ಅಳಲು ಶುರು ಮಾಡಿದರು. ಅವರಿಗೆ ಬೈಯಲೂ ನನ್ನಲ್ಲಿ ಉಸಿರಿರಲಿಲ್ಲ.

ಇದನ್ನೆಲ್ಲ ಬರೆಯುವುದಕ್ಕೆ ಒಂದೇ ಕಾರಣ. ಎದೆ ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ, ಈ ಊರಿನಲ್ಲಿ ಹೀಗಾಗಿರುವುದು ತನಗೊಬ್ಬಳಿಗೇ ಎನಿಸುತ್ತದೆ. ಹಾಗಲ್ಲ. ಬೆಂಚು ತುಂಬಿರುತ್ತದೆ.

ನಾನು ಹೋದ ದಿನವೂ ತುಂಬಿತ್ತು. ನನ್ನ ಜತೆ ಬಂದವರು ನನ್ನ ಅತ್ತೆ ಗಂಗವ್ವ. ಹೆಬ್ಬಳ್ಳಿಯ ಹೊಲವನ್ನು ನನ್ನ ಮೈದುನನಿಗೆ ಒಪ್ಪಿಸಿ, ಬೈರಿದೇವರಕೊಪ್ಪದ ನಮ್ಮ ಮನೆಗೆ ಬಂದು ನೆಲೆಸಿದವರು. ಗಂಡ ಬಸವರಾಜ್ ಅವರದು ಎಲೆಕ್ಟ್ರಿಕಲ್ ಅಂಗಡಿ. ಅಂದು ಶಾಲೆಯಿಂದ ಸುದ್ದಿ ಹೋಗಿ ಅವರು ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಅತ್ತೆಯೇ ಆಟೋ ಹಿಡಿದಿದ್ದರು. ಬೆಂಚಿನ ಮೇಲೆ ಜವಳಿ ಅಂಗಡಿಯ ಹೆಂಗಸೊಬ್ಬರು, ರಸ್ತೆ ಕೆಲಸದ ಗಾರೆಯವರೊಬ್ಬರು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜ. ಎಲ್ಲರದೂ ಒಂದೇ ಕೆಮ್ಮು, ಸ್ಥಾಯಿ ಮಾತ್ರ ಬೇರೆ ಬೇರೆ. ಯಾರೂ ಯಾರನ್ನೂ "ಏನಾಗೇದ" ಎಂದು ಕೇಳಲಿಲ್ಲ. "ನಿಮ್ಮದು ಎಂದಿನದರಿ?" ಎಂದಷ್ಟೇ ಕೇಳಿದರು. ಒಬ್ಬ ಆಟೋ ಡ್ರೈವರು ತನ್ನ ಸರದಿಯನ್ನೇ ನನಗೆ ಕೊಟ್ಟ.

"ನೀವು ಹೋಗ್ರಿ ಅಕ್ಕಾರ. ನಂದು ಹಳೇ ಸರಕು, ಕಾಯತೈತಿ" ಎಂದ. ಅವನ ಹೆಸರನ್ನೂ ಕೇಳಲಿಲ್ಲ ಎಂದು ಇವತ್ತಿಗೂ ಬೇಜಾರಿದೆ.

ಡಾಕ್ಟರ್ ಮೇಡಂ ಎದೆಗೆ ಬೆನ್ನಿಗೆ ಕಿವಿಗೊಟ್ಟರು, ಕೊಳವೆಯೊಂದನ್ನು ಊದಿಸಿದರು, ಮೂಗಿಗೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಉಸಿರು ಮರಳಿ ಬಂದಾಗ ನನಗೆ ಅಳು ಬಂತು. ಆಮೇಲೆ ಅವರು ಹೇಳಿದರು.

"ಅಸ್ತಮಾ ಅದರಿ. ಸಣ್ಣಾಕಿ ಇದ್ದಾಗಿಂದ ಇದ್ದದ್ದಲ್ಲ ಇದು. ನಿಮಗ ಗಾಳಿಯಿಂದ ಆಗೇದ."

ನನ್ನ ಪಕ್ಕ ಕೂತಿದ್ದ ಅತ್ತೆ ತಲೆಯ ಮೇಲಿನ ಸೆರಗನ್ನು ಸರಿ ಮಾಡಿಕೊಂಡರು. "ನಾನೂ ಅದನ್ನ ಅನ್ಕೊಂಡೆ" ಎಂದರು ಮೆಲ್ಲಗೆ.

ಅತ್ತೆ ಇಷ್ಟು ಸುಲಭವಾಗಿ ಡಾಕ್ಟರ ಮಾತು ಒಪ್ಪಿಕೊಂಡಿದ್ದನ್ನು ಕಂಡು ನನಗೆ ಸಮಾಧಾನವೇ ಆಯಿತು. ಹೆಬ್ಬಳ್ಳಿಯಲ್ಲಿ ಗಾಳಿ ಎಂದರೆ ಇನ್ನೊಂದು ಅರ್ಥವಿದೆ ಎಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ, ಜಾಗವಲ್ಲದ ಜಾಗದಲ್ಲಿ ನಿಂತವರನ್ನು ಬಡಿದು ಮೈಸೇರುವ ದೆವ್ವದ ಗಾಳಿ. ಇಷ್ಟು ಓದಿದ ಡಾಕ್ಟರೇ ಬಾಯಿಬಿಟ್ಟು "ಗಾಳಿಯಿಂದ" ಎಂದಮೇಲೆ ಅತ್ತೆಗೆ ಇನ್ನೇನು ಬೇಕು?

ಮನೆಗೆ ಬಂದವರೇ ವಿಚಾರಣೆ ಶುರು ಮಾಡಿದರು.

"ಮೊದಲ ಎಲ್ಲಿ ಬಡೀತು?"

"ಮೈದಾನದಾಗ್ರಿ ಅತ್ತಿ."

"ಯಾ ಹೊತ್ತಿನ್ಯಾಗ?"

"ನಸುಕಿನ್ಯಾಗ."

"ಯಾ ಕಡೆ ಮಾರಿ ಮಾಡಿ ನಿಂತಿದ್ದಿ?"

ಎಷ್ಟು ಕಾಳಜಿ ಇವರಿಗೆ ಎಂದುಕೊಂಡು ನಾನು ಒಂದೊಂದಕ್ಕೂ ಉತ್ತರ ಹೇಳಿದೆ. ಸಂಜೆ ಅವರು ನನ್ನ ಕೋಣೆಯ ಕಿಟಕಿ ಬಾಗಿಲು ಹಾಕಿ, ಕೆಂಡದ ಮೇಲೆ ಬೇವಿನೆಲೆ, ಲೋಬಾನ, ಒಣಮೆಣಸಿನಕಾಯಿ ಸುರಿದು, ಹೊಗೆಯಾಡುವ ಧೂಪದ ಪಾತ್ರೆಯನ್ನು ನನ್ನ ಮಂಚದ ಸುತ್ತ ತಿರುಗಿಸಿದರು. "ಹೋಗು, ಹೋಗು" ಎಂದರು. ನಾನು ಹೋಗಿಯೇಬಿಡುತ್ತಿದ್ದೆ. ಅಂಗಡಿಯಿಂದ ಬಂದ ಬಸವರಾಜ್ ಬಾಗಿಲು ಒದ್ದು ತೆಗೆದು ನನ್ನನ್ನು ಹೊರಗೆ ಎಳೆದುಕೊಂಡು ಬಂದರು. ಮತ್ತೆ ಅದೇ ಆಸ್ಪತ್ರೆ, ಅದೇ ಮಾಸ್ಕ್, ಅದೇ ಡಾಕ್ಟರ್.

ಏನಾಯಿತೆಂದು ಕೇಳಿ ಡಾಕ್ಟರ್ ಮೇಡಂ ತಲೆ ಹಿಡಿದುಕೊಂಡರು. "ಅಮ್ಮಾರ, ನಾ ಗಾಳಿ ಅಂದದ್ದು ಆ ಗಾಳಿ ಅಲ್ಲರಿ. ಉಸಿರಾಡೂ ಗಾಳಿ! ಅದರಾಗ ಹೊಗಿ, ಧೂಳು ಸೇರಕೊಂಡದ."

ಅತ್ತೆ ಒಂದಿಷ್ಟೂ ಅಳುಕಲಿಲ್ಲ. "ನಾನರ ಮತ್ತೇನ ಹೇಳಾಕತ್ತೇನ್ರಿ? ಉಸಿರಾಡೂ ಗಾಳ್ಯಾಗ ಏನೋ ಬಂದು ಸೇರಕೊಂಡೈತಿ."

ಡಾಕ್ಟರ್ ನಗು ತಡೆಯಲಾಗದೆ ನಕ್ಕರು. ಮಾಸ್ಕಿನೊಳಗೆ ನಾನೂ ನಕ್ಕೆ, ಆವತ್ತು ನಗಲು ಉಸಿರಿತ್ತು. ಕೆಂಡದ ಹೊಗೆಯನ್ನು ಸೊಸೆಯ ಹತ್ತಿರ ತರುವುದಿಲ್ಲ ಎಂದು ಅತ್ತೆಯಿಂದ ಮಾತು ತೆಗೆದುಕೊಂಡು, ಡಾಕ್ಟರ್ ನನ್ನ ಕಡೆ ತಿರುಗಿ ಕೇಳಿದರು. ಮೊದಲ ಸಲ ಎಲ್ಲಿ ಆಯಿತು? ಯಾವ ಹೊತ್ತಿನಲ್ಲಿ? ಆಗ ಏನು ಮಾಡುತ್ತಿದ್ದಿರಿ, ಯಾವ ಕಡೆಯಿಂದ ಗಾಳಿ ಬೀಸುತ್ತಿತ್ತು?

"ಇದನ್ನೆಲ್ಲಾ ನಾ ಆಗಲೇ ಕೇಳೇನ್ರಿ" ಎಂದು ಅತ್ತೆ ನನಗಿಂತ ಮೊದಲು ಉತ್ತರ ಹೇಳಿದರು. "ಮೈದಾನದಾಗ, ನಸುಕಿನ್ಯಾಗ, ಖಾಲಿ ಪ್ಲಾಟಿನ ಕಡೆ ಮಾರಿ ಮಾಡಿ ನಿಂತಿದ್ಲು."

ಖಾಲಿ ಪ್ಲಾಟು ಎಂದರೆ ಮೈದಾನಕ್ಕೆ ಅಂಟಿಕೊಂಡ ಜಾಗ. ಸುತ್ತಲಿನ ಮನೆಗಳ ಕಸವೆಲ್ಲ ಅಲ್ಲಿಗೆ ಬೀಳುತ್ತದೆ. ನಸುಕಿನಲ್ಲಿ ಯಾರೋ ಅದಕ್ಕೆ ಕಡ್ಡಿ ಗೀರುತ್ತಾರೆ. ಪ್ಲಾಸ್ಟಿಕ್ಕು, ಹಳೆಯ ಚಪ್ಪಲಿ, ತೆಂಗಿನ ಗರಿ ಎಲ್ಲ ಕೂಡಿ ಹೊತ್ತು ಏರುವವರೆಗೆ ಹೊಗೆಯಾಡುತ್ತಿರುತ್ತದೆ. ಆಚೆ ಬದಿಯಲ್ಲಿ ರಸ್ತೆ ಅಗೆದ ಮಣ್ಣು, ಲಾರಿಗಳು. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಹುಬ್ಬಳ್ಳಿಯಲ್ಲಿದ್ದುಕೊಂಡು ಧೂಳಿನ ಬಗ್ಗೆ ದೂರುವುದು ಏನು ಬಂತು ಎಂದು ಸೆರಗು ಮೂಗಿಗೆ ಹಿಡಿದು ಹೋಗುತ್ತಿದ್ದೆ.

"ಅಷ್ಟ ಬೆಳಿಗ್ಗೆ ಯಾಕ ಆಡಸ್ತೀರಿ?" ಎಂದರು ಡಾಕ್ಟರ್.

ಮೊದಲು ಹಾಗೆ ಆಡಿಸುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆ ಬಿಟ್ಟ ಮೇಲೆ ಸಂಜೆ ಆಡುತ್ತಿದ್ದೆವು. ಶಿವರಾತ್ರಿಯ ತನಕ ಸಂಜೆಗೆ ಹಿತವಾದ ಚಳಿಯೇ ಇರುತ್ತಿತ್ತು. ಈಗ ಸಂಕ್ರಾಂತಿ ದಾಟುತ್ತಿದ್ದಂತೆ ಬಿಸಿಲು ಸುಡಲು ಶುರು. ಸಂಜೆಯಾದರೂ ನೆಲ ಆರುವುದಿಲ್ಲ. ಹುಡುಗಿಯೊಬ್ಬಳು ಬಿಸಿಲಿಗೆ ತಲೆ ಸುತ್ತಿ ಬಿದ್ದ ಮೇಲೆ ನಾನೇ ಆಟವನ್ನು ನಸುಕಿಗೆ ತಂದಿದ್ದೆ. ಹೆಡ್‌ಮಾಸ್ತರು ಸಭೆಯಲ್ಲಿ ಅದನ್ನು ಹೊಗಳಿಯೂ ಇದ್ದರು.

"ನಸುಕಿನ ಗಾಳಿ ತಂಪ ಇರತದ, ಖರೇ" ಎಂದರು ಡಾಕ್ಟರ್. "ಆದ್ರ ಅಲುಗಾಡೂದಿಲ್ಲರಿ. ಹೊಗಿ ಎಲ್ಲಾ ನೆಲಕ್ಕ ಹತ್ತಿ ಕುಂತಿರತದ. ಬಿಸಲಿಗೆ ಅಂಜಿ ನೀವು ಸೀದಾ ಅದರ ಬಾಯಾಗ ಹೋಗಿ ನಿಂತೀರಿ. ನಿಮ್ಮಂಗ ನಸುಕಿನ್ಯಾಗ ವಾಕಿಂಗ್ ಹೋಗಿ ಬಂದವರು ಭಾಳ ಮಂದಿ ಹೊರಗ ಕುಂತಾರ ನೋಡ್ರಿ."

ಬಿಸಿಲು ಹೆಚ್ಚಿದ್ದಕ್ಕೂ ನನ್ನ ಎದೆಗೂ ಸಂಬಂಧ ಉಂಟೆಂದು ನಾನು ಮೊದಲ ಸಲ ತಿಳಿದದ್ದು ಹೀಗೆ. ಹವಾಮಾನ ಬದಲಾವಣೆ ಎಂದು ಪಾಠದಲ್ಲಿ ಬರುತ್ತದಲ್ಲ, ಅದು ಹಿಮಕರಡಿಯ ಕಷ್ಟ ಎಂದುಕೊಂಡಿದ್ದೆ. ನನ್ನ ಟೈಮ್‌ಟೇಬಲ್ಲಿಗೆ ಕೈ ಹಾಕುತ್ತದೆ ಎಂದುಕೊಂಡಿರಲಿಲ್ಲ.

ಶಾಲೆಯಲ್ಲಿ ಹೆಡ್‌ಮಾಸ್ತರು ಕರೆದು ಕೂರಿಸಿದರು. ಒಳ್ಳೆಯ ಮನುಷ್ಯ, ಜೋರು ಮಾತಾಡಿದವರಲ್ಲ. "ಟೀಚರ್, ಬೆಳಿಗ್ಗೆ ಹೊಗಿ, ಮಧ್ಯಾಹ್ನ ಬಿಸಲು, ಸಂಜಿಗೆ ಲಾರಿ ಧೂಳು. ನಿಮಗ ಮೈದಾನದಾಗ ಯಾ ಹೊತ್ತು ಉಳೀತು, ನೀವ ಹೇಳ್ರಿ. ಲೈಬ್ರರಿ ನೋಡ್ಕೊಳ್ರಿ. ಆರಾಮ ಕುಂತು ಮಾಡೂ ಕೆಲಸ" ಎಂದರು.

ಆರಾಮಾಗಿ ಕೂತು ಮಾಡುವ ಕೆಲಸ ಎಂದರೆ ನನಗೆ ಅರ್ಧ ಸತ್ತಂತೆ. ಲೈಬ್ರರಿಯ ಮೇಲೆ ಸಿಟ್ಟಿಲ್ಲ. ಆದರೆ ಮೈದಾನ ಬಿಟ್ಟರೆ ನಾನು ಯಾರು ಎಂದು ನನಗೇ ಗೊತ್ತಿರಲಿಲ್ಲ. ನಮ್ಮ ಹುಡುಗಿಯರಲ್ಲಿ ಬಹಳ ಜನಕ್ಕೆ ಮನೆಯಲ್ಲಿ ಓಡಾಡಲು ಅಂಗಳವೂ ಇಲ್ಲ. ಅವರ ಪಾಲಿನ ಆಟ ಇದೊಂದೇ. ನಾನು ಹೋದರೆ ಇನ್ನೊಬ್ಬರು ಬರುವುದು ಯಾವ ಕಾಲಕ್ಕೋ. "ಜೂನ್ ತನಕ ಟೈಮ್ ಕೊಡ್ರಿ ಸರ್. ಶಾಲೆ ಶುರುವಾದ ಮ್ಯಾಲ ನೋಡಿ ಹೇಳ್ರಿ" ಎಂದೆ. ಅವರು ಒಪ್ಪಿದರು, ಆದರೆ ಲೈಬ್ರರಿಯ ಬೀಗದ ಕೈಯನ್ನು ನನ್ನ ಮೇಜಿನ ಮೇಲೇ ಇಟ್ಟು ಹೋದರು.

ಬೇಸಿಗೆಯೆಲ್ಲ ಔಷಧಿ ತೆಗೆದುಕೊಂಡೆ. ಇನ್ಹೇಲರ್ ಎಂದರೆ ನಮ್ಮ ಕಡೆ ಜನ ಸೊಂಟದ ಪಟ್ಟಿಯ ಪಿಸ್ತೂಲು ಕಂಡಂತೆ ಹೆದರುತ್ತಾರೆ. ಒಮ್ಮೆ ಹಿಡಿದರೆ ಬಿಡುವುದಿಲ್ಲ, ಚಟವಾಗುತ್ತದೆ ಎಂದು ಓಣಿಯ ಹೆಂಗಸರು ಬಂದು ಬಂದು ಹೇಳಿದರು. ಮೊದಮೊದಲು ನಾನೂ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಎಳೆಯುತ್ತಿದ್ದೆ. ಬಸವರಾಜ್ ಅದನ್ನು ಗಮನಿಸಿದರೋ ಏನೋ. ಒಂದು ದಿನದಿಂದ ಬೆಳಿಗ್ಗೆ ಚಹಾದ ಕಪ್ಪಿನ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇನ್ಹೇಲರ್ ಇಟ್ಟು, "ಕುಲುಕೇನಿ, ತಗೋ" ಎನ್ನಲು ಶುರು ಮಾಡಿದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ನನಗೆ ಹೂವು ತಂದುಕೊಟ್ಟ ನೆನಪಿಲ್ಲ. ಇದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಏಪ್ರಿಲ್ ಮುಗಿಯುವಷ್ಟರಲ್ಲಿ ಮೆಟ್ಟಿಲು ಹತ್ತಿದರೂ ಏದುಸಿರಿರಲಿಲ್ಲ. ಗೆದ್ದೆ ಎಂದುಕೊಂಡೆ.

ಮೇ ತಿಂಗಳ ಒಂದು ಸಂಜೆ, ಮುಂಗಾರಿಗೂ ಮೊದಲೇ ಸುರಿಯುವ ಅಡ್ಡಮಳೆ ಬಂತು. ಆ ವರ್ಷ ಬಿಸಿಲು ಹೇಗಿತ್ತೆಂದರೆ ಓಣಿಯಲ್ಲಿ ನಾಯಿಗಳೂ ಬೊಗಳುವುದನ್ನು ಬಿಟ್ಟಿದ್ದವು. ಪಡುವಣದಿಂದ ಕೆಂಪು ಧೂಳಿನ ಗೋಡೆಯೊಂದು ಎದ್ದು ಬಂತು, ಬೇವಿನ ಮರಗಳು ಬಾಗಿದವು, ಗುಡುಗು, ಆಮೇಲೆ ದಪ್ಪ ದಪ್ಪ ಹನಿ. ಇಡೀ ಓಣಿ ಹೊರಗೆ ಬಂತು. "ಬಂತ ನೋಡವಾ, ಇನ್ನ ಧೂಳೆಲ್ಲಾ ಕೂಡತೈತಿ. ಬಾ, ಛಲೋ ಗಾಳಿ ತಗೋ" ಎಂದು ಅತ್ತೆಯೇ ಕರೆದರು. ಒಣಹಾಕಿದ ಶಾವಿಗೆ ತರುವ ನೆಪದಲ್ಲಿ ಮಾಳಿಗೆ ಹತ್ತಿದೆ. ಮುಖ ಮೇಲೆತ್ತಿ, ತೋಳು ಚಾಚಿ, ಮಣ್ಣಿನ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಎಳೆದುಕೊಂಡದ್ದು ಹೊರಗೆ ಹೋಗಲಿಲ್ಲ.

ಇನ್ಹೇಲರ್ ಎಳೆದೆ, ಆಗಲಿಲ್ಲ. ಮೆಟ್ಟಿಲ ಮೇಲೆ ಕೂತೇ ಜಾರಿ ಕೆಳಗೆ ಬಂದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ತುಟಿ ನೀಲಿಯಾಗಿತ್ತಂತೆ. ಸಾಯುತ್ತೇನೆ ಎನ್ನಿಸಿತು. ಅದನ್ನು ಬೇರೆ ಮಾತಿನಲ್ಲಿ ಹೇಳುವುದು ನನಗೆ ಬೇಕಿಲ್ಲ. ಅತ್ತೆ ನನ್ನ ಎರಡೂ ಕೈ ಹಿಡಿದು "ನಾನ ಕರದೆ, ನಾನ ಕರದೆ" ಎಂದು ಅಳುತ್ತಿದ್ದರು. ಹಾಗಲ್ಲ ಎಂದು ಹೇಳಬೇಕೆನಿಸಿತು, ಆಗಲಿಲ್ಲ.

ಆವತ್ತು ಆಸ್ಪತ್ರೆಯ ಬೆಂಚಿನ ಮೇಲಿದ್ದವರೆಲ್ಲರ ತಲೆಯೂ ಒದ್ದೆಯಾಗಿತ್ತು. ಎಲ್ಲರೂ ಮೊದಲ ಮಳೆಗೆ ಹೊರಗೆ ಬಂದವರೇ. ಬಹಳ ದಿನ ಬಿಸಿಲು ಕಾದ ಮೇಲೆ ಬರುವ ಬಿರುಗಾಳಿ, ಒಣಗಿ ಕೂತದ್ದನ್ನೆಲ್ಲ ಎಬ್ಬಿಸಿ ಮೂಗಿಗೆ ತುರುಕುತ್ತದೆ, ಮಳೆ ಹದವಾಗಿ ಹಿಡಿಯುವ ತನಕ ಒಳಗಿರಬೇಕು ಎಂದು ಡಾಕ್ಟರ್ ಆಮೇಲೆ ಹೇಳಿದರು. ಆಕ್ಸಿಜನ್ ಹಾಕಿಕೊಂಡು ಮಲಗಿದ್ದ ನನಗೆ ಅರ್ಥವಾದದ್ದು ಒಂದೇ. ಈ ಕಾಯಿಲೆಯನ್ನು ಗೆಲ್ಲುವುದು ಎಂಬುದಿಲ್ಲ, ಇದರ ಜತೆ ಆಡಲು ಕಲಿಯಬೇಕು.

ಮನೆಗೆ ಬಂದ ದಿನ ಬಸವರಾಜ್ ನನ್ನ ಮುಖ ನೋಡದೆ ಹೇಳಿದರು. "ಸಾಕಿನ್ನ. ಲೈಬ್ರರಿ ತಗೊಂಬಿಡು. ನೀ ಇದ್ದರ ಸಾಕು ನನಗ."

ನಾನು ಹೂಂ ಎನ್ನುವವಳೇ ಇದ್ದೆ. ಬೇಳೆ ಆರಿಸುತ್ತ ಕೂತಿದ್ದ ಅತ್ತೆ ಮೊರವನ್ನು ಕೆಳಗಿಟ್ಟರು.

"ಗಾಳಿ ಬಡದ ಜಾಗಾ ಬಿಟ್ಟು ಓಡಿದರ ಅದು ಬೆನ್ನ ಹತ್ತತೈತಿ. ಅಲ್ಲೇ ಹೋಗಿ ಕೇಳಬೇಕು, ಏನ ಬೇಕವಾ ನಿನಗ, ಯಾಕ ಬಂದಿ ಅಂತ. ಕೊಡೂದ ಕೊಟ್ಟು ಕಳಸಬೇಕು."

"ಅವ್ವಾ, ಮತ್ತ ಅದನ್ನ ಶುರು ಮಾಡಬ್ಯಾಡ" ಎಂದರು ಬಸವರಾಜ್.

"ಕೆಂಡ ಒಯ್ಯೂದಿಲ್ಲಪಾ. ಡಾಕ್ಟರಿಗೆ ಮಾತ ಕೊಟ್ಟೇನಿ" ಎಂದರು ಅತ್ತೆ.

ಮರುದಿನ ನಸುಕಿನಲ್ಲೇ ಆಟೋ ಹಿಡಿದು ಮೈದಾನದ ಪಕ್ಕದ ಪ್ಲಾಟಿಗೆ ಹೊರಟರು. ತಡೆಯಲು ಹಿಂದೆ ಹೋದ ನಾನು ಮೂಗಿಗೆ ಮಾಸ್ಕ್ ಕಟ್ಟಿಕೊಂಡು ದೂರ ನಿಂತೆ. ನಾನು ವಿಜ್ಞಾನ ಓದಿದವಳು, ಯಾರಾದರೂ ಪಾಲಕರು ಕಂಡರೆ ಏನು ಗತಿ ಎಂದು ನಾಚಿಕೆ. ಅತ್ತೆ ಪ್ಲಾಟಿನ ನಡುವೆ, ಕಪ್ಪಗೆ ಸುಟ್ಟ ಜಾಗದಲ್ಲಿ ಬಾಳೆಲೆ ಹಾಸಿ, ಮೊಸರನ್ನ, ಹಸಿರು ಬಳೆ, ಕೊಯ್ದು ಕುಂಕುಮ ತುಂಬಿದ ನಿಂಬೆಹಣ್ಣು ಇಟ್ಟು, ಜೋರು ದನಿಯಲ್ಲಿ ಮಾತಾಡಿಸತೊಡಗಿದರು. ಅಷ್ಟರಲ್ಲಿ ಎದುರು ಮನೆಯ ನಿವೃತ್ತ ನೌಕರರೊಬ್ಬರು ಒಂದು ಕೈಯಲ್ಲಿ ಕಸದ ಬುಟ್ಟಿ, ಇನ್ನೊಂದರಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ಬಂದವರು ನಿಂತಲ್ಲೇ ನಿಂತರು.

"ಏನ್ರಿ ಅಮ್ಮಾರ ಇದು?"

"ಇಲ್ಲಿ ಗಾಳಿ ಐತ್ರಿ ಯಪ್ಪಾ. ನನ್ನ ಸೊಸೀನ್ನ ಬಡದೈತಿ. ಆಕಿ ಎದಿ ಮ್ಯಾಲ ಕುಂತು ಉಸಿರು ಹಿಡೀತು. ಇಲ್ಲಿ ಬೆಂಕಿ ಹಚ್ಚಿದರ ಅದು ಏಳತೈತಿ. ಏಳಿಸಿದವರ ಮನೀಗೂ ಬರತೈತಿ."

ಯೋಚಿಸಿ ನೋಡಿದರೆ ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆ ಹಿರಿಯರು ಬುಟ್ಟಿ ಸಮೇತ ಹಿಂದಕ್ಕೆ ಹೋದರು. ಮಧ್ಯಾಹ್ನದೊಳಗೆ ಸುದ್ದಿ ಪ್ಲಾಟಿನ ಸುತ್ತಲಿನ ಓಣಿಯೆಲ್ಲ ಹಬ್ಬಿತು. ಕಸ ಸುಡಬೇಡಿ ಎಂದು ನಾನು ಹಿಂದೆ ಶಾಲೆಯ ವತಿಯಿಂದ ಬರೆಸಿ ಹಾಕಿದ್ದ ಬೋರ್ಡನ್ನೇ ಸುಟ್ಟಿದ್ದ ಜನ ಅವರು. ನಿಂಬೆಹಣ್ಣಿನ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಕಸವನ್ನು ಗಾಡಿಗೆ ಕೊಡಲು ಶುರು ಮಾಡಿದರು. ನಿಂಬೆಹಣ್ಣು ಒಣಗಿದಾಗ ಅತ್ತೆ ಹೋಗಿ ಹೊಸದನ್ನು ಇಟ್ಟು ಬರುತ್ತಿದ್ದರು. ನಾನು ಬೇಡ ಎನ್ನಲಿಲ್ಲ. ತಪ್ಪು ಅನ್ನುವವರು ಅನ್ನಲಿ, ನನಗೆ ಉಸಿರು ಮುಖ್ಯ.

ಜೂನ್ ಬಂತು, ಮಳೆ ಬರಲಿಲ್ಲ. ಶಾಲೆ ಶುರುವಾಗುವ ಹಿಂದಿನ ದಿನ ಅಂಗಳದಲ್ಲಿ ಕೂತು ಅತ್ತೆ ಆಕಾಶ ನೋಡುತ್ತಿದ್ದರು.

"ಹೊಗೀಗೇನೋ ನಿಂಬಿಹಣ್ಣ ಇಟ್ವಿ. ಈ ಬಿಸಲು ಎಲ್ಲಿಂದ ಎದ್ದು ಬಂದೈತಿ ಗಿರಿಜಾ? ಅದಕ್ಕ ಎಲ್ಲಿ ಇಡೂದು?"

"ಅದೂ ಹೊಗಿಯಿಂದನ ಬಂದೈತ್ರಿ ಅತ್ತಿ. ಎಲ್ಲಾ ಊರಿನ, ಎಲ್ಲಾ ದೇಶದ ಹೊಗಿ ಮ್ಯಾಲ ಹೋಗಿ ಕುಂತೈತಿ."

"ಹಂಗಾರ ನಾವಿಬ್ಬರ ಹೋದರ ಆಗೂದಲ್ಲ ಬಿಡು" ಎಂದು ಅತ್ತೆ ಎದ್ದು ಒಳಗೆ ಹೋದರು.

ಡಾಕ್ಟರ್ ಮೇಡಂ ಮತ್ತೆ ಕೊಳವೆ ಊದಿಸಿ, ಪರವಾಗಿಲ್ಲ ಎಂದು ಬರೆದುಕೊಟ್ಟರು. ಜತೆಗೆ ಷರತ್ತುಗಳು. ನಸುಕು ಬೇಡ, ಬಿರುಗಾಳಿ ಎದ್ದರೆ ಒಳಗೆ, ಧೂಳಿದ್ದ ದಿನ ಆಟವಿಲ್ಲ. ನಾನು ಹೆಡ್‌ಮಾಸ್ತರ ಹತ್ತಿರ ಹೋಗಿ, ಆಟದ ಪೀರಿಯಡ್ಡನ್ನು ಬೆಳಗಿನ ಎರಡನೆಯ ಪೀರಿಯಡ್ಡಿಗೆ ತನ್ನಿ ಎಂದೆ. ಆ ಹೊತ್ತಿಗೆ ಊರಿನ ಬೇರೆ ಕಡೆಯ ಹೊಗೆಯೂ ಎದ್ದು ಹೋಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ, ಬೇವಿನ ಮರಗಳ ನೆರಳು ಮೈದಾನದ ಮೇಲಿರುತ್ತದೆ. ಗಣಿತದ ಮಾಸ್ತರು ಮುಖ ಊದಿಸಿಕೊಂಡರು. ಹೆಡ್‌ಮಾಸ್ತರು ಗಲ್ಲ ಕೆರೆದುಕೊಂಡು, "ಮೊದಲ ನಿಮ್ಮನ್ನ ಮೈದಾನದಾಗ ನೋಡತೇನಿ, ಆಮ್ಯಾಲ ಹೇಳತೇನಿ" ಎಂದು ನನ್ನ ಹಿಂದೆಯೇ ಬಂದರು.

ಆವತ್ತು ಒಂದು ತಂಡಕ್ಕೆ ಆಟಗಾರ್ತಿ ಕಡಿಮೆ ಬಿದ್ದಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೇ ರೇಣುಕಾಳ ಕಡೆ ಇಳಿದೆ. ನನ್ನ ಸರದಿ ಬಂದಾಗ ಗೆರೆ ಮುಟ್ಟಿ "ಕಬಡ್ಡಿ, ಕಬಡ್ಡಿ" ಎನ್ನುತ್ತ ಎದುರು ಅಂಕಣಕ್ಕೆ ನುಗ್ಗಿದೆ. ಕಾಲು ಹಳೆಯದನ್ನೆಲ್ಲ ಮರೆತಿರಲಿಲ್ಲ. ಒಬ್ಬಳನ್ನು ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ "ಕಬ" ಎಂಬಲ್ಲಿ ಉಸಿರು ಕಡಿಯಿತು.

"ಟೀಚರ್ ದಮ್ ಮುರೀತ್ರಿ! ಔಟ್!" ಎಂದು ಎದುರು ತಂಡದ ಹುಡುಗಿಯರು ಕುಣಿದಾಡಿದರು. ದಾಕ್ಷಿಣ್ಯ ತೋರಿಸಲಿಲ್ಲ, ನಾನು ಕಲಿಸಿದ ಹುಡುಗಿಯರಲ್ಲವೆ.

ಅಂಕಣದ ಹೊರಗೆ ಗೆರೆಯ ಪಕ್ಕ ಕೂತೆ. ಎದೆ ಬಡಿದುಕೊಳ್ಳುತ್ತಿತ್ತು, ಆದರೆ ಸುಂಯ್ ಎನ್ನುತ್ತಿರಲಿಲ್ಲ. ನಿಧಾನಕ್ಕೆ ಉಸಿರು ಎಳೆದು ಬಿಟ್ಟೆ. ಹೆಡ್‌ಮಾಸ್ತರು ಹತ್ತಿರ ಬಂದು ಬಗ್ಗಿದರು. ದನಿಯಲ್ಲಿ ನಿಜವಾದ ಮರುಕವಿತ್ತು.

"ನೋಡಿದ್ರೇನ್ರಿ ಟೀಚರ್. ಇದಕ್ಕ ನಾ ಹೇಳಿದ್ದು. ಔಟ್ ಆದ್ರಿ. ಇನ್ನ ಲೈಬ್ರರಿ..."

ಅವರ ಮಾತು ಮುಗಿಯುವ ಮೊದಲೇ ರೇಣುಕಾ ಎದುರು ಅಂಕಣದಲ್ಲಿ ಒಬ್ಬಳನ್ನು ಮುಟ್ಟಿ, ಧೂಳೆಬ್ಬಿಸದೆ ಚಿಗರೆಯಂತೆ ಜಿಗಿದು ಗೆರೆ ದಾಟಿ ಬಂದಿದ್ದಳು. "ಟೀಚರ್, ಏಳ್ರಿ! ಲಗೂನ ಒಳಗ ಬರ್ರಿ!" ಎಂದು ಕೂಗಿದಳು.

"ಈಗ ಔಟ್ ಆದ್ರಲ್ಲ, ಮತ್ತ ಹೆಂಗ ಒಳಗ?" ಎಂದರು ಹೆಡ್‌ಮಾಸ್ತರು. ಪಾಪ, ಅವರು ಕ್ರಿಕೆಟ್ ನೋಡಿ ಬೆಳೆದವರು.

"ಇದು ಕಬಡ್ಡಿ ಐತ್ರಿ ಸರ್" ಎಂದೆ ನೆಲಕ್ಕೆ ಕೈಯೂರಿ ಏಳುತ್ತ. "ಔಟ್ ಆದವರು ಹೊರಗ ಕುಂತು ಉಸಿರು ತಗೋತಾರ. ತಮ್ಮವರು ಗೆದ್ದು ಬಂದ ಕೂಡಲೇ ಎದ್ದು ಒಳಗ ಹೋಗ್ತಾರ."

ಸೆರಗನ್ನು ಇನ್ನೊಮ್ಮೆ ಬಿಗಿದು ಸಿಕ್ಕಿಸಿಕೊಂಡು ಗೆರೆ ದಾಟಿ ಒಳಗೆ ಹೋದೆ.